ಜೆಲಿಂಡಾಳ ರವಿಕೆಯೊಳಗಿನ ಹೆಸರು

ಓಲ್ಡಮ್ ಊರಿನಲ್ಲಿ ಮಂಗಳವಾರ ಮಧ್ಯಾಹ್ನದ ಸರ್ಕಸ್ ಆಟದಲ್ಲಿ, ಪೋಸ್ಟರಿನ ಮೇಲೆ ಮದಮೊಜೆಲ್ ಜೆಲಿಂಡಾ ಎನಿಸಿಕೊಂಡಿದ್ದ ನಮ್ಮ ಸವಾರಳು ಕುದುರೆಯಿಂದ ಬಿದ್ದು ಸತ್ತಳು. ಓಡುವ ಕುದುರೆಯ ಮೇಲಿಂದ ಅವಳು ತೂರಿ ಹಾರಬೇಕಾದ, ಕಾಗದ ಅಂಟಿಸಿದ ದೊಡ್ಡ ಬಳೆ ಹಿಡಿದು ನಿಂತಿದ್ದವಳು ನಾನೇ. ಅವಳು ಕಾಗದ ಹರಿದುಕೊಂಡು ಈಚೆ ಹಾರಿದಳು, ಆದರೆ ಕಾಲು ಕುದುರೆಯ ಬೆನ್ನಿಗೆ ತಾಗಲೇ ಇಲ್ಲ. ಗೊರಸು ತಲೆಗೆ ಬಡಿದ ಸದ್ದು ನನಗೆ ಕೇಳಿಸಿತು. ಆದರೂ ಬ್ಯಾಂಡು ನಿಲ್ಲಲಿಲ್ಲ. ಯಾರೇ ಬಿದ್ದರೂ ಬ್ಯಾಂಡು ನಿಲ್ಲಕೂಡದು, ಜೋಕರ್ ಓಡಿಬಂದು ನಗಿಸಬೇಕು. ಅದು ನಮ್ಮ ಸರ್ಕಸ್ಸಿನ ಕಟ್ಟಳೆ. ಜನ ನಗುತ್ತಲೇ ಇದ್ದರು.

ನಾಲ್ಕು ವರ್ಷ ಒಂದೇ ಬಂಡಿಯಲ್ಲಿ ಮಲಗಿದವರು ನಾವು. ಹೆಣ ತೊಳೆಯುವ ಕೆಲಸವನ್ನು ಇನ್ನಾರಿಗೂ ಬಿಡಲಿಲ್ಲ. ಮಿನುಗು ಹೊಲಿದ ರವಿಕೆ ಬಿಚ್ಚಿ ನೋಡಿದರೆ, ಒಳಗೆ ಎದೆಯ ಹತ್ತಿರ ಮೂರು ಸಾಲು ದಾರದ ಅಕ್ಷರ. ಫೀಬಿ ಗ್ರಿಂಡ್ರಾಡ್. ಎಸ್ತರ್ ಪಿಮ್. ರೂತ್ ಬ್ಯಾಗ್‌ಶಾ, ಲೀಕ್. ಕೊನೆಯದು ಅವಳು ನನ್ನ ಕಾಲುಚೀಲ ಹೊಲಿದುಕೊಡುತ್ತಿದ್ದ ಅದೇ ಓರೆ ಹೊಲಿಗೆ. ಹಾಗಾದರೆ ಇವಳು ಮೂರನೆಯ ಜೆಲಿಂಡಾ! ರೂತ್ ಅಂತ ಒಮ್ಮೆಯೂ ಕರೆಯದೆ ನಾಲ್ಕು ವರ್ಷ ಅವಳ ಹೊದಿಕೆ ಎಳೆದುಕೊಂಡಿದ್ದೆ. ಥೂ, ನನ್ನ ಜನ್ಮಕ್ಕೆ.

ರವಿಕೆ ಹಿಡಿದು ಯಜಮಾನ ಸ್ಕೋಲ್ಸ್ ಹತ್ತಿರ ಓಡಿದೆ.

"ಜೆಲಿಂಡಾ ಸಾಯೋ ಹಾಗಿಲ್ಲ ಕಣೇ," ಎಂದ. "ಮುಂದಿನ ಆಟಕ್ಕೆ ಪ್ರೆಸ್ಟನ್‌ನಲ್ಲಿ ಆಗ್ಲೇ ಅವಳ ಪೋಸ್ಟರ್ ಅಂಟಿಸಾಗಿದೆ. ಲಾಯದ ಕೆಲಸದವಳು, ಹೆಸರು ಗೊತ್ತಿಲ್ಲ ಅಂತ ಪಾದ್ರಿಗೆ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು."

"ಹೆಸರಿಲ್ದೆ ಹೂಳೋಕೆ ಅವಳೇನು ನಾಯೀನಾ, ಯಜಮಾನ್ರೇ?"

"ಎಸ್ತರ್‌ನ ಹಾಗೇ ಹೂಳಿದ್ದು. ಏನಾಯ್ತೀಗ?"

ರವಿಕೆ ಸುತ್ತಿಕೊಂಡು ಬಂಡಿಗೆ ಹಿಂತಿರುಗಿದೆ.

ಗುರುವಾರ ಗುಂಡಿಯ ಬಳಿ ಪಾದ್ರಿ ಪುಸ್ತಕ ತೆರೆದು, "ಹೆಸರು?" ಎಂದರು. ಸ್ಕೋಲ್ಸ್ ಬಾಯಿ ತೆರೆಯುವ ಮೊದಲೇ ನಾನು ಕೂಗಿಬಿಟ್ಟೆ. "ರೂತ್ ಬ್ಯಾಗ್‌ಶಾ! ಲೀಕ್ ಊರಿನವಳು!" ಪಾದ್ರಿ ಬೆಚ್ಚಿಬಿದ್ದು, ಇನ್ನೊಮ್ಮೆ ಕೇಳಿ ಬರೆದುಕೊಂಡರು. ಜೋಕರ್ ಟೋಪಿ ತೆಗೆದು ಬಿಕ್ಕಿ ಬಿಕ್ಕಿ ಅತ್ತ.

ಇವತ್ತೇ ಸ್ಕೋಲ್ಸ್ ನನ್ನನ್ನು ಓಡಿಸುತ್ತಾನೆ ಅಂದುಕೊಂಡೆ. ಆದರೆ ಅವನು ಬಯ್ಯಲೇ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿದ.

"ಕುದುರೆ ನಿಂಗೆ ಪಳಗಿದೆ. ರವಿಕೇನೂ ಸರಿಹೋಗುತ್ತೆ. ಶನಿವಾರದಿಂದ ನೀನೇ ಜೆಲಿಂಡಾ."

ಆಗುವುದಿಲ್ಲ ಎನ್ನಬೇಕಿತ್ತು. ನನಗೆ ಹೋಗಲು ಬೇರೆ ಮನೆಯಿಲ್ಲ. ಬಂಡಿಗೆ ಬಂದು ರೂತ್‌ಳ ಸೂಜಿಡಬ್ಬಿ ತೆಗೆದು, ಅವಳ ಸಾಲಿನ ಕೆಳಗೆ ನನ್ನ ಹೆಸರು, ಊರು ಹೊಲಿದೆ: ಥರ್ಜಾ ಕ್ಲೆಗ್, ಬೇಕಪ್. ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ.

ಅದರ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿತ್ತು.