ಗುರುತಿಲ್ಲದ ಪಿಸ್ತೂಲಿನ ಹೇಳಿಕೆ

ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನನ್ನು ಪೊಲೀಸ್ ಠಾಣೆಯ ಮೇಜಿನ ಮೇಲೆ ಇಟ್ಟರು. ನಾನು ಒಂದು ಪಿಸ್ತೂಲು. ನನ್ನ ಮೈಮೇಲೆ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ.

ಎಲ್ಲಿ ಹುಟ್ಟಿದೆನೆಂದು ನನಗೂ ತಿಳಿಯದು. ಕುಲುಮೆಯ ಬೆಂಕಿ, ಅರದ ಸದ್ದು, ಆಮೇಲೆ ಹಡಗಿನ ಉಪ್ಪುಗಾಳಿ, ಇಷ್ಟು ನೆನಪಿದೆ. ಒಬ್ಬ ಬಿಳಿಯ ಅಧಿಕಾರಿಯ ಸೊಂಟದಲ್ಲಿದ್ದೆ. ಬಾದಾಮಿ ಸೀಮೆಯಲ್ಲಿ ಅವನು ಜ್ವರದಿಂದ ಸತ್ತಾಗ ಅವನ ಕುದುರೆ ನೋಡಿಕೊಳ್ಳುತ್ತಿದ್ದವನ ಕೈಸೇರಿದೆ. ಅವನು ಕೊಟ್ಟನೋ, ಇವನೇ ತೆಗೆದುಕೊಂಡನೋ, ಹೇಳಲಾರೆ. ಆ ಮನೆತನದಲ್ಲೇ ಉಳಿದೆ. ಅಲ್ಲಿ ಯಾರೂ ನನ್ನಿಂದ ಗುಂಡು ಹಾರಿಸಲಿಲ್ಲ. ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಮಾತ್ರ ಪೆಟ್ಟಿಗೆಯಿಂದ ದೇವರ ಜಗುಲಿಗೆ ಬರುತ್ತಿದ್ದೆ.

ಈಗಿನ ಯಜಮಾನ ಪರಶುರಾಮನದು ವೆಲ್ಡಿಂಗ್ ಅಂಗಡಿ. ಸಂಶಯ ಹುಟ್ಟಿದ್ದು ಅದರಿಂದಲೇ. ಪೂಜೆಯ ಫೋಟೊ ಊರವರ ಮೊಬೈಲುಗಳಲ್ಲಿ ಹರಿದಾಡಿತು, ಪೊಲೀಸರು ಬಂದರು. ನಾನು ಹಳೆಯವನಾದರೆ ಅವನಿಗೆ ಬಿಡುಗಡೆ. ಅವನೇ ಮಾಡಿದ ನಾಡಪಿಸ್ತೂಲಾದರೆ ಜೈಲು.

ಸಬ್‌ಇನ್‌ಸ್ಪೆಕ್ಟರ್ ಹಡಪದ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಹಳೇದಂದ್ರ ಇಷ್ಟ್ಯಾಕ ಹೊಳೀತೈತಿ? ಗುರುತ ಉಜ್ಜಿ ತಗದಿಯೇನಲೇ?"

ಪ್ರಶ್ನೆ ಪರಶುರಾಮನಿಗೆ. ಮಾತಾಡಿದವಳು ಅವನ ತಾಯಿ ನೀಲವ್ವ. "ನಾನ ಉಜ್ಜೀನ್ರಿ ಸಾಹೇಬ್ರ. ನಮ್ಮತ್ತಿನೂ ಉಜ್ಜ್ಯಾಳ. ಹೊಲಸ ಇಟ್ಟು ಪೂಜಿ ಮಾಡಾಕ ಬರತೈತೇನ್ರಿ?"

"ಹಂಗಾದ್ರ ನಿನ್ನೂ ಒಳಗ ಹಾಕಬೇಕಾತು, ಯವ್ವಾ."

ಅವಳು ಹೇಳಿದ್ದು ನಿಜ. ಇಟ್ಟಿಗೆಪುಡಿ, ಬೂದಿ, ಹುಣಸೆಹಣ್ಣು. ಪ್ರತಿ ವರ್ಷದ ಪೂಜೆಯೂ ನನ್ನ ಗುರುತನ್ನು ಸ್ವಲ್ಪ ಸ್ವಲ್ಪ ತಿಂದಿತ್ತು. ನನ್ನನ್ನು ಕೊಲೆಗೆ ಬಳಸಿದ್ದರೆ ಹೆಸರು ಉಳಿಯುತ್ತಿತ್ತೇನೋ.

ಜಿಲ್ಲೆಯಿಂದ ಆಯುಧ ತಜ್ಞೆ ಫರ್ಜಾನಾ ಮುಲ್ಲಾ ಬಂದರು. ಅವರೂ ಯಾರನ್ನೂ ನಂಬುವ ಪೈಕಿ ಅಲ್ಲ. ನೀಲವ್ವನ ಕಥೆಯನ್ನು ಪೂರ್ತಿ ಕೇಳಿದರು, ತಲೆಯಾಡಿಸಲಿಲ್ಲ. ತಿರುಪು ಬಿಚ್ಚಿ ನನ್ನ ನಳಿಗೆಯನ್ನು ಮರದ ಹಿಡಿಕೆಯಿಂದ ಎತ್ತಿ ಮಗುಚಿದರು. ಉಜ್ಜುವ ಕೈ ಎಂದೂ ತಲುಪದ ಆ ತಳದಲ್ಲಿ, ಜಂಗಿನ ನಡುವೆ, ಒಂದು ಸಣ್ಣ ಕಿರೀಟ. ಅದರ ಕೆಳಗೆ ಇಂಗ್ಲಿಷಿನ ಒಂದು ಅಕ್ಷರ.

"ಇದನ್ನೂ ಇವನ ಕೆತ್ತಿರಬೇಕಲ್ರಿ, ಮೇಡಂ?" ಎಂದರು ಹಡಪದ.

"ಗುರುತ ಕೆತ್ತಬಹುದು. ಅದರೊಳಗ ಇಷ್ಟು ವರ್ಷದ ಜಂಗ ಎಲ್ಲಿಂದ ತರತಾನ?"

ಆ ಕಿರೀಟ ಇಂಗ್ಲೆಂಡಿನಲ್ಲಿ ನಳಿಗೆಯನ್ನು ಪರೀಕ್ಷಿಸಿ ಒತ್ತಿದ ಮುದ್ರೆ, ನಳಿಗೆ ಸುಮಾರು ಇನ್ನೂರು ವರ್ಷ ಹಳೆಯದು ಎಂದು ಅವರು ಬರೆದರು. ಮಾಡಿದವನ ಹೆಸರು ತಿಳಿದಿಲ್ಲ ಎಂದೂ ಬರೆದರು.

ಪರಶುರಾಮ ತಾಯಿಯ ಜೊತೆ ಸಂಜೆಯ ಬಸ್ಸಿಗೆ ಊರಿಗೆ ಹೋದ. ನನ್ನನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ನ್ಯಾಯಾಲಯದ ಆದೇಶ ಬರುವ ತನಕ ಎಂದು ಠಾಣೆಯ ಕಪಾಟಿನಲ್ಲಿ ಇಟ್ಟರು.