ಬಿಚ್ಚದೇ ಉಳಿದ ಲಂಗದ ಮಡಿಕೆ

ಲಂಡನ್ನಿನ ಫೆಲ್ಥಮ್‌ನ ಅಂಬುಜಾ ಮಗಳಿಗೆ ಲಂಗ ಹೊಲಿಸುವಾಗ ಒಳಗೆ ಮೂರು ಮಡಿಕೆ ಇಡಿಸಿದ್ದಳು. ಬೆಳೆಯುವ ಹುಡುಗಿ, ವರ್ಷಕ್ಕೊಂದು ಬಿಚ್ಚಿದರಾಯಿತು ಎಂದುಕೊಂಡಿದ್ದಳು. ಎರಡು ಯುಗಾದಿ ಕಳೆದವು, ಒಂದನ್ನೂ ಬಿಚ್ಚಬೇಕಾಗಲಿಲ್ಲ. ಹೊಸ ಲಂಗದ ಖರ್ಚು ಉಳಿಯಿತೆಂದು ಇದನ್ನೇ ಗೆಳತಿ ಇಂದುವಿಗೆ ಹೆಮ್ಮೆಯಿಂದ ತೋರಿಸಿದಳು. ಇಂದು ಧಾರವಾಡದವಳು, ಇಲ್ಲಿ ಮಕ್ಕಳ ಡಾಕ್ಟರು.

"ಇದರಾಗ ಹೆಮ್ಮಿ ಪಡೂದೇನದ?" ಇಂದು ಸಿಡುಕಿದಳು. "ಸಿರಿಶಾಗ ಎಂಟು ತುಂಬ್ಯಾವ. ಹುಡುಗಿ ಬೆಳದೇ ಇಲ್ಲಲ್ಲ!"

ಅಂಬುಜಾಗೆ ಮೈ ಉರಿಯಿತು. "ನಮ್ಮತ್ತೆ ಮನೆಯವರೆಲ್ಲ ಕುಳ್ಳಗೇ ಇರೋದು ಕಣೆ. ಇಲ್ಲದ ರೋಗ ಅಂಟಿಸಬೇಡ. ಇವರು ಆನ್‌ಲೈನ್‌ನಲ್ಲಿ ಎತ್ತರ ಬೆಳೆಸೋ ಪುಡಿ ತರಿಸಿದಾರೆ, ಹಾಲಿಗೆ ಹಾಕಿ ಕೊಡ್ತಿದೀನಿ."

"ಆ ಪುಡಿ ಮಾರಾವ್ರ ಮನಿ ಹಾಳಾಗ್ಲಿ! ಮಿದುಳಿನ ಬುಡದಾಗ ಬಟಾಣಿಯಷ್ಟು ಗ್ರಂಥಿ ಅದ. ಬೆಳವಣಿಗಿ ಹಾರ್ಮೋನ್ ಬಿಡೂದು ಅದು, ಹೆಚ್ಚಾಗಿ ಗಾಢ ನಿದ್ದಿಯೊಳಗ. ಮಿದುಳು 'ಬಿಡು' ಅಂದ್ರ ಬಿಡ್ತದ, 'ಸಾಕು' ಅಂದ್ರ ನಿಲ್ಲಸ್ತದ. ಅದು ಲಿವರಿನಿಂದ ಇನ್ನೊಂದು ಹಾರ್ಮೋನ್ ಮಾಡಸ್ತದ. ಎರಡೂ ಸೇರಿ ಎಲುಬು ಉದ್ದ ಮಾಡ್ತಾವ. ರಕ್ತದಾಗ ಹೆಚ್ಚಾತಂದ್ರ ಮಿದುಳು ಮತ್ತ 'ಸಾಕು' ಅಂತದ. ಇದರಾಗ ನಿನ್ನ ಪುಡಿ ಎಲ್ಲಿ ಬಂತು?"

"ಹಾಗಾದ್ರೆ ಆ ಹಾರ್ಮೋನನ್ನೇ ಕೊಂಡು ಕೊಟ್ಟರಾಯ್ತಲ್ಲ. ಜಿಮ್‌ನಲ್ಲಿ ಸಿಗುತ್ತಂತೆ."

"ಹುಚ್ಚೀ! ಹೆಚ್ಚಾದ್ರ ಸಕ್ಕರಿ ಏರ್ತದ, ಕೈಕಾಲು ದಪ್ಪ ಆಗ್ತಾವ. ಈಕಿ ಬೆಳೀದಿರಾಕ ಕಾರಣ ಈ ಹಾರ್ಮೋನ್ ಕೊರತಿನೋ, ಥೈರಾಯ್ಡೋ, ಮನೆತನದ ಗುಣಾನೋ, ಪರೀಕ್ಷಾ ಮಾಡಿದ್ರನ ಗೊತ್ತಾಗೂದು. ಹರೇದಾಗ ಎಲುಬಿನ ತುದಿಯ ಬೆಳ್ಯೂ ಜಾಗ ಮುಚ್ಚಿದ ಮ್ಯಾಲೆ ಯಾವ ಇಂಜೆಕ್ಷನ್ನಿಗೂ ಎತ್ತರ ಬರೂದಿಲ್ಲ."

ಸೋಫಾದ ಮೇಲಿದ್ದ ಸಿರಿಶಾ ತಲೆಯೆತ್ತದೇ ಹೇಳಿದಳು, "ಸ್ಕೂಲಲ್ಲಿ ದೇ ಆಲ್ ಕಾಲ್ ಮಿ ಬೇಬಿ, ಅಮ್ಮಾ."

ಅಂಬುಜಾ ಮಗಳ ತಲೆ ನೇವರಿಸಿದಳು. ಆಗಲೇ ಒಳಬಂದ ಗಂಡ ಲಕ್ಷ್ಮೀಶ, "ಇನ್ನೊಂದು ವರ್ಷ ನೋಡೋಣ ಬಿಡು" ಎಂದ.

"ಇನ್ನೇನ್ರೀ ನೋಡೋದು? ಎರಡು ವರ್ಷ ಕಣ್ಣು ಮುಚ್ಚಿಕೊಂಡಿದ್ದು ಸಾಲದಾ?" ಅಂಬುಜಾ ಪುಡಿಯ ಡಬ್ಬಿಯನ್ನು ಅವನೆದುರೇ ಕಸದ ಬುಟ್ಟಿಗೆ ಎಸೆದಳು. ಲಕ್ಷ್ಮೀಶ ಮಗಳ ಮುಖ ನೋಡಿದ. ಮನೆ ಡಾಕ್ಟರಾದ ಜಿಪಿಗೆ ತಾನೇ ಫೋನ್ ಮಾಡಿದ.

ಜಿಪಿ ತಜ್ಞರ ಬಳಿ ಕಳಿಸಿದರು. ಸಿರಿಶಾಗೆ ಕೊರತೆಯಿದ್ದದ್ದು ಆ ಹಾರ್ಮೋನಿನದೇ. ಈಗ ದಿನವೂ ಮಲಗುವ ಮುನ್ನ, ತಜ್ಞರು ಗೊತ್ತುಮಾಡಿದಷ್ಟೇ, ಪುಟ್ಟ ಇಂಜೆಕ್ಷನ್. ಈ ಯುಗಾದಿಗೆ ಲಂಗ ಹಾಕಿಕೊಂಡ ಹುಡುಗಿ "ಅಮ್ಮಾ, ಇಟ್ಸ್ ಟೂ ಶಾರ್ಟ್!" ಎಂದು ಕೂಗಿದಳು. ಅಂಬುಜಾ ಅಳುತ್ತಲೇ ಕತ್ತರಿ ಹುಡುಕಿ, ಮೊದಲ ಮಡಿಕೆ ಬಿಚ್ಚಿದಳು.

ಅಪ್ಪಂದಿರೇ, ಅಮ್ಮಂದಿರೇ, ಮಗುವನ್ನು ಇವತ್ತೇ ಗೋಡೆಗೆ ನಿಲ್ಲಿಸಿ ಗೆರೆ ಎಳೆಯಿರಿ. ಬಾಡಿಗೆ ಫ್ಲಾಟಾದರೇನು, ಪೆನ್ಸಿಲ್ ಗೆರೆ ಅಳಿಸಬಹುದು. ಆರು ತಿಂಗಳಾದರೂ ಗೆರೆ ಮೇಲೇರದಿದ್ದರೆ ಜಿಪಿ ಹತ್ತಿರ ಹೋಗಿ, ಡಬ್ಬಿ ಮಾರುವವನ ಹತ್ತಿರವಲ್ಲ. ಹಳೆಯ ಬಟ್ಟೆ ಇನ್ನೂ ಆಗುತ್ತಿದೆ ಎಂದು ಹಿಗ್ಗಬೇಡಿ. ಏಕೆ ಆಗುತ್ತಿದೆ ಎಂದು ಕೇಳಿ.