ಆರೋಗ್ಯವಂತರ ರಕ್ತ

“ನಿನ್ನ ಕೈ ಸರಿಯಿಲ್ಲ, ಅಷ್ಟೇ!” ಎಂದು ಪ್ರಯೋಗಾಲಯದ ಮುಖ್ಯಸ್ಥ ಸಂಶೋಧಕಿಯ ಕಂಪ್ಯೂಟರಿನ ಪರದೆಗೆ ಬೆರಳು ಬಡಿದ. ಬೆನ್ನ ಹಿಂದೆ ಎಲ್ಲರೂ ಅವನನ್ನು ದೊರೆ ಎನ್ನುತ್ತಿದ್ದರು. ಎದುರಿಗೆ ಹಲ್ಲು ಕಿರಿಯುತ್ತಿದ್ದರು.

ಭಾರೀ ಸೋಂಕಿನಿಂದ ಬದುಕಿ ಬಂದವರ ರಕ್ತವನ್ನು ಅವಳು ಪರೀಕ್ಷಿಸುತ್ತಿದ್ದಳು. ಜ್ವರ ಬಿಟ್ಟು ವರ್ಷವಾದರೂ ಅವರ ಬಿಳಿ ರಕ್ತಕಣಗಳು ಸಣ್ಣದಕ್ಕೂ ರೇಗಿ ಬೀಳುತ್ತಿದ್ದವು. ಸೋಂಕಿನೊಡನೆ ಕಾದಾಡಿದ ಕಣಗಳು ಎಂದೋ ಸತ್ತಿದ್ದವು; ಆದರೆ ಮೂಳೆಯ ಮಜ್ಜೆಯಲ್ಲಿರುವ ತಾಯಿಕಣಗಳು ಆ ಜಗಳವನ್ನು ಮರೆಯದೆ, ಹುಟ್ಟುವ ಮಕ್ಕಳಿಗೆಲ್ಲ ಅದನ್ನೇ ಕಲಿಸಿ ಕಳಿಸುತ್ತಿದ್ದವು. ಇದನ್ನು ತೋರಿಸಲು, ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕು. ಹೊರಗೆ ಹುಡುಕಲು ಸೋಮಾರಿತನ. ಹಾಗಾಗಿ ಅಲ್ಲಿ ಸಿಬ್ಬಂದಿಯೇ ತೋಳು ಚಾಚುವ ಪದ್ಧತಿಯಿತ್ತು. ಎಲ್ಲರಿಗಿಂತ ಮೊದಲು ದೊರೆಯದೇ ತೋಳು. ಬೆಳಗ್ಗೆ ಎದ್ದು ಓಡುವವನು, ಓಡಿದ್ದನ್ನು ಮಧ್ಯಾಹ್ನದವರೆಗೆ ಹೇಳುವವನು.

ಈಗ ಆ ಆರೋಗ್ಯವಂತರಲ್ಲೇ ಒಬ್ಬರ ಕಣಗಳು ರೋಗಿಗಳ ಕಣಗಳಂತೆ ಉರಿದುಬಿದ್ದಿದ್ದವು. ಪದೇ ಪದೇ ನೋಡಿದರೂ ಅದೇ. ತಪ್ಪು ಅವಳದೆಂದು ತೀರ್ಮಾನವಾದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

“ಆ ರಕ್ತ ನಿಮ್ದು ಸರ್,” ಎಂದಳು. “ಹೋದ ವರ್ಷ ನಿಮಗೇನಾದ್ರೂ…”

“ನಂಗಾ? ನೆಗಡೀನೂ ಬಂದಿಲ್ಲ ಕಣಮ್ಮಾ! ಎರಡು ತಿಂಗಳು ಹೊರದೇಶದಲ್ಲಿ ಭಾಷಣ ಮಾಡ್ಕೊಂಡಿದ್ದೆ. ತಗೋ, ಈಗ್ಲೇ ಇನ್ನೊಂದ್ಸಲ ತಗೋ!”

ಸಿಟ್ಟಿನ ಭರದಲ್ಲಿ ಟೈ ಕಿತ್ತು, ಕೊರಳ ಗುಂಡಿ ಬಿಚ್ಚಿ, ಅಂಗಿಯ ತೋಳು ಮಡಚತೊಡಗಿದ. ಗಂಟಲ ಬುಡದಲ್ಲಿ, ಉಸಿರಿಗೆಂದು ಕೊಳವೆ ತೂರಿಸಿದ ಗಾಯದ ಕಲೆ ಎದ್ದು ಕಂಡಿತು. ಅವಳ ರೋಗಿಗಳಲ್ಲಿ ಎಷ್ಟೋ ಜನಕ್ಕೆ ಅಲ್ಲೇ ಅಂಥದೇ ಕಲೆ. ಮಜ್ಜೆ ಮರೆಯುವುದಿಲ್ಲವೆಂದು ಊರೂರಿನಲ್ಲಿ ಭಾಷಣ ಬಿಗಿಯುವ ಈ ಮಹಾಶಯ, ತನ್ನ ಮಜ್ಜೆ ಮಾತ್ರ ತಾನು ಹೇಳಿದಂತೆ ಕೇಳುತ್ತದೆ ಅಂದುಕೊಂಡಿದ್ದ! ಥೂ, ಎನಿಸಿತು ಅವಳಿಗೆ.

ಅವಳ ನೋಟ ಎಲ್ಲಿದೆಯೆಂದು ತಿಳಿದು ದೊರೆ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಆ ಸ್ಯಾಂಪಲ್ ಬಿಟ್ಬಿಡು.” ದನಿ ಇಳಿದಿತ್ತು. “ನಿನ್ನ ತಪ್ಪಿಂದ ಕೆಟ್ಟೋಯ್ತು ಅಂತ ಬರಿ. ಕೆಲ್ಸದ ವಿಷ್ಯ ಆಮೇಲೆ ನೋಡೋಣ.”

“ನೀವೇ ಬರೀರಿ ಸರ್,” ಎಂದು ಅವಳು ಪೆನ್ನು ಚಾಚಿದಳು.

ಅವನು ಪೆನ್ನು ತೆಗೆದುಕೊಂಡ. ಮೇಜಿನ ಮೇಲೆ ವರದಿಯ ಹಾಳೆ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು. ಅದುಮಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಆ ಕೈ ಕಾಲರನ್ನು ಬಿಡಲಿಲ್ಲ. ಅವಳು ಹಾಳೆ ಹಿಡಿದುಕೊಡಲಿಲ್ಲ.